ಹನ್ನೊಂದರ ಸಂದು

ನಮ್ಮ ಮನೆಗೆ ಕಾರು ಬಂದು ಏಳು ತಿಂಗಳಾಗಿತ್ತು. ಅದರಲ್ಲಿ ನಾನು ಒಂದು ಸಲವೂ ಕೂತಿರಲಿಲ್ಲ. ಬಂದ ದಿನ ಅದರ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟವನು ನಾನು. ಪ್ರತಿ ಸೋಮವಾರ ತೊಳೆದು ಒರೆಸುವವನು ನಾನು. ಅದರ ತಲೆಯ ಮೇಲೆ ಓಣಿಯ ಬೆಕ್ಕು ಮಲಗದಂತೆ ಕೋಲು ಹಿಡಿದು ಕಾಯುವವನೂ ನಾನೇ. ಆದರೆ ಕೂತದ್ದು ಮಾತ್ರ ಇಲ್ಲ.

ಕಾರಣ ಬಹಳ ಸರಳ. ಆ ಕಾರಿಗೆ ಎರಡೇ ಸೀಟು. ಓಡಿಸುವ ಸೀಟಿನಲ್ಲಿ ನನ್ನ ಹೆಂಡತಿ ಶ್ರೀದೇವಿ ಕೂರುತ್ತಾಳೆ. ಪಕ್ಕದ ಸೀಟಿನಲ್ಲಿ ನನ್ನ ಅವ್ವ ಗುರುಬಾಯಿ ಕೂರುತ್ತಾಳೆ. ಉಳಿದವನು ಸುಭಾಷ್, ಅಂದರೆ ನಾನು, ಬನಹಟ್ಟಿಯಲ್ಲಿ ಎಂಟು ಪವರ್‌ಲೂಮುಗಳ ಒಡೆಯ, ಈ ಕುಟುಂಬದ ಯಜಮಾನ (ರೇಶನ್ ಕಾರ್ಡಿನ ಪ್ರಕಾರವೂ ಅಲ್ಲ, ಅದರಲ್ಲಿ ಅವ್ವನ ಹೆಸರಿದೆ). ನಾನು ಬಸ್ಸಿನಲ್ಲಿ ಬರುತ್ತೇನೆ. ಜಮಖಂಡಿಯ ಮದುವೆಗೆ ಅವರಿಬ್ಬರೂ ಕೆಂಪು ಕಾರಿನಲ್ಲಿ ಭರ್‍ರೆಂದು ಹೋಗಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಿಂದ ಬೆವರು ಒರೆಸಿಕೊಳ್ಳುತ್ತ ಮಂಟಪದ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತೇನೆ. ಬೀಗರು ನನ್ನನ್ನು ಅಡಿಗೆಯವರ ಕಡೆಯವನೆಂದು ತಿಳಿದು ಹಿತ್ತಲ ಬಾಗಿಲು ತೋರಿಸಿದ್ದೂ ಉಂಟು.

ಶ್ರೀದೇವಿ ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಕಾರು ಕಲಿಸುವ ಕ್ಲಾಸು ನಡೆಸುತ್ತಾಳೆ. ಆ ದುಡ್ಡಿನಲ್ಲಿ ಅವಳು ಕೊಂಡದ್ದು ಇದು. ಹುಡುಕಿಕೊಟ್ಟವನು ಅವಳ ತಮ್ಮ ಸಿದ್ದಾರೂಢ. ಅವನು ಕೊಲ್ಲಾಪುರದಲ್ಲಿ ರೇಸಿನ ಗಾಡಿಗಳ ಎಂಜಿನ್ನು ಬಿಚ್ಚಿ ಕಟ್ಟುವ ಮಹಾಪಂಡಿತ. ಹೊರದೇಶದ ಹಳೇ ಸ್ಪೋರ್ಟ್ಸ್ ಕಾರು. ಅದರ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರಲ್ಲಿ ಕೂತವರಿಗೆ ನಮ್ಮ ಓಣಿಯ ಕೋಳಿಗಳು ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತವಂತೆ. (ನಾನು ಕೂತಿಲ್ಲವಾದ್ದರಿಂದ ಇದು ಅವ್ವ ಹೇಳಿದ ಮಾತು.)

ಹೀಗಿರುವಾಗ ಆಗಸ್ಟಿನಲ್ಲಿ ಒಂದು ಸುದ್ದಿ ಬಂತು. ಬಾಡಗಂಡಿ ಹತ್ತಿರ ಸಕ್ಕರೆ ಕಾರ್ಖಾನೆಯ ಮುಂದೆ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ದೊಡ್ಡ ಬಯಲು ಖಾಲಿ ಬಿದ್ದಿತ್ತು. ಅಲ್ಲಿ ಕಾರುಗಳ ಸ್ಪರ್ಧೆ. ಡ್ರಮ್ಮುಗಳನ್ನು ಸುತ್ತಿ, ತಿರುವುಗಳನ್ನು ದಾಟಿ, ಯಾರು ಬೇಗ ಬರುತ್ತಾರೋ ಅವರು ಗೆದ್ದಂತೆ. ಪ್ರತಿ ಗಾಡಿಗೆ ಇಬ್ಬರು. ಒಬ್ಬರು ಓಡಿಸುವವರು, ಇನ್ನೊಬ್ಬರು ಕಾಗದ ನೋಡಿ ದಾರಿ ಕೂಗಿ ಹೇಳುವವರು. ಎರಡು ಸಲ ಓಡಿಸಲು ಅವಕಾಶ, ಎರಡರಲ್ಲಿ ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲ ಮೂವರಿಗೆ ಕೊಲ್ಲಾಪುರದ ದೊಡ್ಡ ಸ್ಪರ್ಧೆಗೆ ನೇರ ಪ್ರವೇಶ. ಹೆಸರು ಕೊಟ್ಟ ಹತ್ತೊಂಬತ್ತು ಜನರಲ್ಲಿ ಹೆಂಗಸು ಅಂದರೆ ಶ್ರೀದೇವಿ ಒಬ್ಬಳೇ.

ಇದನ್ನು ಕೇಳಿದ್ದೇ ನನ್ನೊಳಗೆ ಮಲಗಿದ್ದ ಆಸೆ ಎದ್ದು ಕೂತಿತು. ದಾರಿ ಹೇಳುವವರ ಸೀಟು!

"ಶ್ರೀದೇವಿ, ಈ ಸಲ ಬಾಜೂಕ ನಾ ಕುಂದ್ರತೇನಿ," ಎಂದೆ.

"ನೀವಾ? ನೀವು ಎಡಕ್ಕ ಅಂದು ಬಲಕ್ಕ ಕೈ ಮಾಡ್ತೀರಿ."

"ಅದು ಒಮ್ಮೆ ಆಗಿತ್ತು."

"ಒಮ್ಮೆ ಆಗಿದ್ದಕ್ಕ ಬಾಡಿಗಿ ಜೀಪಿನ್ಯಾಗ ತೇರದಾಳಕ್ಕ ಹೋಗೋ ನಾವು ಮಹಾಲಿಂಗಪುರಕ್ಕ ಮುಟ್ಟಿದ್ವಿ. ಅತ್ತೀನs ಕರ್ಕೊಂಡು ಹೋಗ್ತೇನಿ. ಅವರು ಹಗರ ಅದಾರ, ಗಟ್ಟಿ ಒದರತಾರ."

ಅವ್ವನಿಗೆ ಎಪ್ಪತ್ತೊಂದು. ತೂಕ ನಲವತ್ತೆರಡು ಕಿಲೋ. ಗಂಟಲು ಮಾತ್ರ ನಮ್ಮ ಎಂಟು ಮಗ್ಗಗಳ ಸದ್ದಿನ ಮೇಲೂ ಕೇಳಿಸುತ್ತದೆ. ಸೊಸೆಯ ಮಾತಿಗೆ ಅವಳು ಹಿಗ್ಗಿ ಹೀರೇಕಾಯಿಯಾದಳು. ನಾನು ಮಾತ್ರ ಮೂರು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಪಕ್ಕದಲ್ಲಿ ಒಂದು ಸೀಟಿಲ್ಲವೆಂದರೆ ಹೊಟ್ಟೆ ಉರಿಯುವುದಿಲ್ಲವೇ? ನನಗೆ ಉರಿಯಿತು. ನಾಲ್ಕನೇ ದಿನ ಅವಳಿಗೆ ಸಾಕಾಯಿತು.

"ಹೋಗ್ಲಿ, ಕುಂದ್ರೂವಂತ್ರಿ. ಆದ್ರ ಒಂದು ಮಾತು. ಅಲ್ಲಿತನಕ ಗಾಡಿಗೆ ನಿಮ್ಮಿಂದ ಏನೂ ಹಾನಿ ಆಗಬಾರದು."

"ನಾ ಮುಟ್ಟಿದರಲ್ಲ ಹಾನಿ ಆಗೂದು?"

"ಅದನ್ನs ಹೇಳಾಕತ್ತೇನಿ," ಎಂದಳು ಶ್ರೀದೇವಿ.

ಸ್ಪರ್ಧೆಗೆಂದು ಸಿದ್ದಾರೂಢ ಬಂದು ನಮ್ಮ ಮಗ್ಗದ ಶೆಡ್ಡಿನಲ್ಲೇ ಎಂಜಿನ್ನು ಬಿಚ್ಚಿದ. ಏನೇನೋ ಕೆತ್ತಿಸಿದ, ಏನೇನೋ ಉಜ್ಜಿಸಿದ. ಎಂಟು ದಿನ ನನ್ನ ಎರಡು ಮಗ್ಗ ಬಾಯಿ ಮುಚ್ಚಿಕೊಂಡು ನಿಂತವು. ಎಲ್ಲ ಕಟ್ಟಿ ಕೊಲ್ಲಾಪುರಕ್ಕೆ ಹೋದ ಮೇಲೆ ಅಲ್ಲಿಂದ ಫೋನು ಮಾಡಿದ. ಶ್ರೀದೇವಿ ಸ್ಪೀಕರ್ ಹಾಕಿದಳು.

"ಅಕ್ಕಾ, ಪ್ಲಗ್ ಹೊಸಾವು ಹಾಕೂತನಕ ಗಾಡಿ ಎಬ್ಬಿಸಬ್ಯಾಡ. ಈಗ ಎಂಜಿನ್ನಿನ್ಯಾಗ ಒತ್ತಡ ಏರೈತಿ. ಹಳೇ ಪ್ಲಗ್ ಇಟ್ಟು ಜೋರ್ ಓಡಿಸಿದ್ರ ಅದು ಕೆಂಡ ಆಗಿ ಪಿಸ್ಟನ್ ತೂತು ಬೀಳ್ತೈತಿ. ಒಂದು ನಂಬರ್ ತಣ್ಣಂದು ಹಾಕು. ಮತ್ತ ಒತ್ತಡ ಜಾಸ್ತಿ ಇದ್ದಲ್ಲಿ ಕಿಡಿ ಹಾರೂದು ಕಠಿಣ. ಅದಕ್ಕ ಸಂದು ಸಣ್ಣದಿರಬೇಕು."

"ಯಾವ ಸಂದೋ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಮಾಮಾ, ಪ್ಲಗ್ಗಿನ ತುದಿಗೆ ನಡುವ ಒಂದು ಕಡ್ಡಿ ಇರ್ತೈತಿ. ಅದರ ಮ್ಯಾಲ ಒಂದು ಬಾಗಿದ ಕೊಕ್ಕಿ. ಅವೆರಡರ ನಡುವಿನ ಜಾಗಾ. ಅಲ್ಲೇ ಕಿಡಿ ಹಾರ್ತೈತಿ. ನೀವು ತಲಿ ಕೆಡಿಸ್ಕೋಬ್ಯಾಡ್ರಿ."

ನನಗೆ ಬೇರೆಯವರು ತಲೆ ಕೆಡಿಸಿಕೊಳ್ಳಬೇಡ ಅಂದಾಗಲೇ ತಲೆ ಕೆಡಲು ಶುರುವಾಗುತ್ತದೆ.

ಸ್ಪರ್ಧೆ ಭಾನುವಾರ. ಶನಿವಾರ ಮುಧೋಳದಲ್ಲಿ ಶ್ರೀದೇವಿಯ ಬಸುರಿ ತಂಗಿಯ ಕುಬಸದ, ಅಂದರೆ ಸೀಮಂತದ, ಕಾರ್ಯ. ಕಾರಿಗೆ ಹೊಸ ಪ್ಲಗ್ ಇನ್ನೂ ಬಂದಿಲ್ಲದ್ದರಿಂದ ಅತ್ತೆ ಸೊಸೆ ಇಬ್ಬರೂ ಬಸ್ಸಿಗೆ ಹೊರಟರು. (ಏಳು ತಿಂಗಳಲ್ಲಿ ಮೊದಲ ಸಲ ನನಗೆ ನ್ಯಾಯ ಸಿಕ್ಕಂತೆ ಅನಿಸಿತು.) ಹೋಗುವಾಗ ಶ್ರೀದೇವಿ ಒಂದು ಚೀಟಿ ಕೈಗಿಟ್ಟಳು. ಅದರಲ್ಲಿ ಹಳೆಯ ಪ್ಲಗ್ಗಿನ ನಂಬರು ಆರು, ಬೇಕಾದದ್ದು ಒಂದು ನಂಬರ್ ತಣ್ಣಂದು, ಒಟ್ಟು ನಾಲ್ಕು ಪ್ಲಗ್ಗು, ಎಂದಿತ್ತು.

"ಜಮಖಂಡಿಗೆ ಹೋಗಿ ಬಾಳೇಶಣ್ಣನ ಅಂಗಡ್ಯಾಗ ತಂದು ಇಡ್ರಿ. ಸಂದು ನಾ ಬಂದು ಮಾಡ್ತೇನಿ. ನೀವು ಅದನ್ನ ಮುಟ್ಟಬ್ಯಾಡ್ರಿ. ಸಂದು ಅಳಿಯೂ ತಗಡಿನ ಗೇಜು ಡಿಕ್ಕ್ಯಾಗಿನ ಡಬ್ಬ್ಯಾಗ ಐತಿ, ಅದನ್ನೂ ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲ."

"ಡಬ್ಬಿನೂ ಮುಟ್ಟಬ್ಯಾಡ್ರಿ," ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಬಾಳೇಶ ಜಮಖಂಡಿಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟವನು. ಸಮಾಧಾನಿ. ಚೀಟಿ ನೋಡಿ ಕೇಳಿದ, "ಅಣ್ಣಾರ, ಯಾವ ದೇಶದ್ದು ಕೊಡ್ಲಿ?"

"ತಣ್ಣಂದು ಕೊಡು ಸಾಕು."

"ಅದs ಕೇಳಾಕತ್ತೇನ್ರಿ. ಜಪಾನಿನವರದಾದ್ರ ನಂಬರ್ ಏರಿದಂಗ ಪ್ಲಗ್ ತಣ್ಣಗ. ಜರ್ಮನಿಯವರದಾದ್ರ ನಂಬರ್ ಇಳಿದಂಗ ತಣ್ಣಗ."

ನಾನು ಕೌಂಟರಿನ ಮೇಲಿನ ಎರಡು ಡಬ್ಬಿ ಮುಟ್ಟಿ ನೋಡಿದೆ. ಎರಡೂ ಒಂದೇ ಹದಕ್ಕಿದ್ದವು.

"ಮುಟ್ಟಿದ್ರ ತಿಳಿಯಂಗಿಲ್ರಿ," ಎಂದ ಬಾಳೇಶ. "ಎಂಜಿನ್ನಿನ ಕಾವು ಎಷ್ಟು ಬೇಗ ಹೊರಗ ಬಿಡ್ತೈತಿ ಅನ್ನೂದರ ಮ್ಯಾಲ ಬಿಸಿಂದು, ತಣ್ಣಂದು ಅಂತಾರ. ಬೇಗ ಬಿಟ್ರ ತಣ್ಣಂದು."

ಅಂದರೆ ಬಿಸಿಯನ್ನು ಹೊರಗೆ ಬಿಡುವುದು ತಣ್ಣಗಿನದು, ಬಿಸಿಯನ್ನು ಒಳಗೆ ಇಟ್ಟುಕೊಳ್ಳುವುದು ಬಿಸಿಯದು. ಏರಿದರೆ ಇಳಿದಂತೆ, ಇಳಿದರೆ ಏರಿದಂತೆ, ಅದೂ ದೇಶ ನೋಡಿಕೊಂಡು. ನನ್ನ ತಲೆ ಗಿರ್‍ರೆಂದಿತು. ಸ್ಟೂಲು ಎಳೆದುಕೊಂಡು ಕೂತು ಒಂದು ಚಹಾ ತರಿಸಿಕೊಂಡೆ. ಕೊನೆಗೆ, ಹಳೆಯದೂ ಜಪಾನಿನದೇ ಎಂದು ಬಾಳೇಶನೇ ಚೀಟಿಯಲ್ಲಿ ನಂಬರಿನ ಜೊತೆಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಮತ್ತೊಮ್ಮೆ ನೋಡಿ ಹೇಳಿದ್ದರಿಂದ ಆರರ ಮೇಲಿನ ಏಳು ಎಂದು ಗೊತ್ತಾಯಿತು.

ಅಷ್ಟಕ್ಕೆ ಮುಗಿದಿದ್ದರೆ ಈ ಕಥೆಯನ್ನು ನಾನು ನಿಮಗೆ ಹೇಳಬೇಕಾಗಿರಲಿಲ್ಲ. ಬಾಳೇಶ ಏಳನೇ ನಂಬರಿನ ಮೂರು ಬಗೆಯ ಡಬ್ಬಿ ಮುಂದಿಟ್ಟ. ಒಂದರ ಮೇಲೆ ಏಳರ ಮುಂದೆ ಅಡ್ಡಗೆರೆ ಎಳೆದು ಎಂಟು ಎಂದಿತ್ತು. ಇನ್ನೊಂದರಲ್ಲಿ ಒಂಬತ್ತು. ಮತ್ತೊಂದರಲ್ಲಿ ಹನ್ನೊಂದು.

"ಇದೇನು?"

"ಕಂಪನಿಯವರು ಅಲ್ಲಿಂದನs ಮಾಡಿ ಕಳಿಸಿದ ಸಂದಿನ ನಂಬರ್ ರೀ. ಎಂಟು ಅಂದ್ರ..."

ನಾನು ಕೈ ಎತ್ತಿ ಅವನ ಮಾತು ನಿಲ್ಲಿಸಿದೆ. ಅಬ್ಬಾ, ಕೊನೆಗೂ ನನಗೆ ಗೊತ್ತಿರುವ ವಿಷಯಕ್ಕೆ ಬಂದೆವು! ನಮ್ಮ ಮಗ್ಗದಲ್ಲಿ ಫಣಿ ಎಂದಿರುತ್ತದೆ. ಉದ್ದನೆಯ ಬಾಚಣಿಗೆಯಂಥ ಚೌಕಟ್ಟು. ಅದರ ಹಲ್ಲುಗಳ ಸಂದಿನಲ್ಲಿ ನೂಲಿನ ಎಳೆಗಳು ಹಾಯುತ್ತವೆ. ಫಣಿಯ ನಂಬರು ಏರಿದಂತೆ ಹಲ್ಲುಗಳು ಒತ್ತಾಗಿ ಸಂದು ಸಣ್ಣದಾಗುತ್ತದೆ. ಅರವತ್ತರ ಫಣಿಗಿಂತ ಎಂಬತ್ತರದ್ದು ಸಣ್ಣ ಸಂದು, ಎಂಬತ್ತಕ್ಕಿಂತ ನೂರರದ್ದು ಇನ್ನೂ ಸಣ್ಣದು. ಬನಹಟ್ಟಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಾಲದ್ದಕ್ಕೆ ಈ ಜಪಾನಿನವರು ನಂಬರು ಏರಿಸಿದಂತೆ ಪ್ಲಗ್ಗನ್ನು ತಣ್ಣಗೆ ಮಾಡುವವರೆಂದು ಈಗಷ್ಟೇ ಬಾಳೇಶನೇ ಹೇಳಿದ್ದ. ಅವರೂ ನಮ್ಮ ನೇಕಾರರ ಹಾಗೇ ಉಲ್ಟಾ ಲೆಕ್ಕದವರು ಎಂದು ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ಸಂದು ಸಣ್ಣದಿರಬೇಕು ಅಂದಮೇಲೆ ನಂಬರು ದೊಡ್ಡದಿರಬೇಕು.

"ನಮಗ ಸಣ್ಣ ಸಂದಿಂದು ಬೇಕು, ಹನ್ನೊಂದು ಕೊಡು," ಎಂದೆ.

"ಹನ್ನೊಂದ? ಖರೇನ್ರಿ ಅಣ್ಣಾರ? ಸಣ್ಣ ಸಂದು ಬೇಕಂದ್ರಲ್ಲ?"

"ಬಾಳೇಶ, ನಾ ಬನಹಟ್ಟಿಯವ. ನಮ್ಮ ಅಪ್ಪ ನೇಕಾರ, ಅಜ್ಜ ನೇಕಾರ. ಸಂದಿನ ನಂಬರ್ ನನಗ ಕಲಿಸಬ್ಯಾಡ."

ಬಾಳೇಶ ಒಳ್ಳೆಯ ವ್ಯಾಪಾರಿ. ಗಿರಾಕಿಯ ಅಪ್ಪ, ಅಜ್ಜ ಬಂದ ಮೇಲೆ ಅವನು ಸುಮ್ಮನೆ ಕಟ್ಟಿಕೊಟ್ಟ.

ಮನೆಗೆ ಬಂದರೆ ಮಧ್ಯಾಹ್ನದ ಮೂರು ಗಂಟೆ. ಅವರಿಬ್ಬರೂ ಬರಲು ಇನ್ನೂ ಹೊತ್ತಿತ್ತು. ಪ್ಲಗ್ಗಿನ ಡಬ್ಬಿ ನನ್ನನ್ನೇ ನೋಡುತ್ತಿತ್ತು. ಸಂದು ಮುಟ್ಟಬೇಡ ಅಂದಿದ್ದಾಳೆ, ನಿಜ. ಆದರೆ ಸಂದು ಕಂಪನಿಯವರೇ ಮಾಡಿ ಕಳಿಸಿದ್ದಾರೆ. ಅಂದಮೇಲೆ ನಾನು ಅದನ್ನು ಮುಟ್ಟದೆ, ಬರೀ ಪ್ಲಗ್ಗು ತಿರುಗಿಸಿ ಕೂಡಿಸಿದರೆ ಮಾತು ಮೀರಿದಂತೆ ಆಗುವುದಿಲ್ಲ. (ಇಂಥ ಸೂಕ್ಷ್ಮ ವಿಚಾರಗಳು ನನಗೆ ಹೆಂಡತಿ ಮನೆಯಲ್ಲಿ ಇಲ್ಲದಾಗ ಮಾತ್ರ ಹೊಳೆಯುತ್ತವೆ.) ಸಿದ್ದಾರೂಢ ಬಿಟ್ಟುಹೋಗಿದ್ದ ಉದ್ದನೆಯ ಪ್ಲಗ್ ಪಾನಾ ಹಿಡಿದು ಹಳೆಯವನ್ನು ಬಿಚ್ಚಿ ಹೊಸ ನಾಲ್ಕನ್ನೂ ಬಿಗಿದೆ. ಹೊರಗೆ ನಿಂತೇ ಬಾಗಿಲಿನಿಂದ ಬಗ್ಗಿ ಕೀಲಿ ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಎದ್ದಿತು! ಗುರ್‍ರ್, ಗುರ್‍ರ್ ಎಂದು ತಾಳ ತಪ್ಪದೆ ಗುನುಗತೊಡಗಿತು. ನಾನು ಎದೆ ಉಬ್ಬಿಸಿ ಅದರ ಸುತ್ತ ಎರಡು ಸಲ ನಡೆದೆ. ಮಗ್ಗದ ಮುಂದಿದ್ದ ನೇಕಾರರೂ ಎದ್ದು ಬಂದು ನನ್ನನ್ನು ಗೌರವದಿಂದ ನೋಡಿದರು, ಅಥವಾ ನನಗೆ ಹಾಗನ್ನಿಸಿತು.

ಸಂಜೆ ಶ್ರೀದೇವಿ ಬಂದವಳೇ ಸೊಂಟಕ್ಕೆ ಕೈ ಇಟ್ಟಳು.

"ಹಾಕಿದ್ರಿ?"

"ಹಾಕಿದೆ."

"ಮುಟ್ಟಬ್ಯಾಡ ಅಂದಿದ್ನೋ ಇಲ್ಲೋ?"

"ಸಂದು ಮುಟ್ಟಿಲ್ಲ ಮಾರಾಯ್ತಿ. ಅಂಗಡ್ಯಾಗ ಇದ್ದ ಎಲ್ಲಾದಕ್ಕಿಂತ ಸಣ್ಣ ಸಂದಿಂದು ಹುಡುಕಿ ತಂದೇನಿ. ಕಂಪನಿಯವರs ಮಾಡಿ ಕಳಿಸ್ಯಾರ. ಕೇಳಿ ನೋಡು ಅದರ ದನಿ."

ಅವಳು ಕೀಲಿ ತಿರುಗಿಸಿ ಕಿವಿಗೊಟ್ಟು ಕೇಳಿದಳು. ಮುಖದ ಗಂಟು ಸಡಿಲವಾಯಿತು. "ದನಿ ಛಲೋ ಐತಿ ಬಿಡ್ರಿ," ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಅವಳ ಬಾಯಿಂದ ಕೇಳಿದ ಮೂರನೆಯ ಹೊಗಳಿಕೆ ಇದು. ಆ ಖುಷಿಯಲ್ಲಿ ನಾನು ಇನ್ನೂ ಒಂದು ಉಪಕಾರ ಮಾಡಿದೆ. ರೇಸಿನ ಗಾಡಿ ಹಗುರ ಇದ್ದಷ್ಟು ಒಳ್ಳೆಯದೆಂದು ಕೇಳಿದ್ದೆನಲ್ಲ, ಡಿಕ್ಕಿಯಲ್ಲಿದ್ದ ಸಾಮಾನಿನ ಭಾರದ ಡಬ್ಬಿಯನ್ನು ಎತ್ತಿ ಶೆಡ್ಡಿನ ಮೂಲೆಯಲ್ಲಿಟ್ಟೆ. ಆ ಜಾಗದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸರಿಯಾಗಿ ಕೂತಿತು. ಪ್ಲಗ್ ಪಾನಾ ಮಾತ್ರ, ನನ್ನ ಪರಾಕ್ರಮದ ಗುರುತಾಗಿ, ಸೀಟಿನ ಕೆಳಗೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಅವ್ವ ಸೀರೆ ಉಟ್ಟು ಕಾರಿನಲ್ಲಿ ಕೂತೇಬಿಟ್ಟಿದ್ದಳು.

"ಯವ್ವಾ, ಇವತ್ತ ನಂದು ಪಾಳಿ," ಎಂದೆ.

"ನಿಂದು ಅಲ್ಲಿ ಬಯಲಾಗ, ಸ್ಪರ್ಧೇದಾಗ. ಅಲ್ಲೀತನಕ ನಾ ಹೆಂಗ ಬರ್ಲೋ? ಈ ವಯಸ್ಸಿನ್ಯಾಗ ಬಸ್ಸ ಹತ್ತಿ ಇಳದು ಸಾಯಲೇನು?"

ನಾನು ಜಮಖಂಡಿಯಲ್ಲಿ ಒಮ್ಮೆ, ಬೀಳಗಿಯಲ್ಲಿ ಒಮ್ಮೆ ಬಸ್ಸು ಬದಲಿಸಿ, ಕೊನೆಯ ಎರಡು ಕಿಲೋಮೀಟರು ಒಂದು ಹಾಲಿನ ಗಾಡಿಯ ಹಿಂದೆ ನಿಂತು ಬಾಡಗಂಡಿ ಮುಟ್ಟಿದೆ. ಅವರು ಆಗಲೇ ಬಂದಿದ್ದರು, ಅವ್ವ ತಾನೇ ಡಿಕ್ಕಿಯಿಂದ ಬುತ್ತಿ ತೆಗೆದು ಬಿಚ್ಚಿದ್ದಳು. ಅವ್ವ ಪಕ್ಕದಲ್ಲಿದ್ದಾಳೆಂದು ಶ್ರೀದೇವಿ ದಾರಿಯುದ್ದಕ್ಕೂ ಸಾವಕಾಶ ಬಂದಿದ್ದಳು. "ಎಂಜಿನ್ ಬೆಣ್ಣಿ ಹಂಗ ಓಡಾಕತ್ತೈತಿ," ಎಂದಳು. ನಾನು ಮನಸ್ಸಿನಲ್ಲೇ ಜಪಾನಿನವರಿಗೆ ಕೈ ಮುಗಿದೆ.

ನಮ್ಮ ಸರದಿ ಬಂತು. ಹೆಲ್ಮೆಟ್ಟು ಹಾಕಿಕೊಂಡು, ಕಾಗದ ಹಿಡಿದು, ಎರಡು ಕಾಲನ್ನೂ ಮಡಚಿ, ಸೊಂಟ ಹಿಡಿದುಕೊಂಡು, ಅಂತೂ ನಾನು ಆ ಸೀಟಿನಲ್ಲಿ ಕೂತೆ! ಆ ಗಳಿಗೆಯನ್ನು ನಾನು ಹೇಗೆ ವರ್ಣಿಸಲಿ? ಪಟ್ಟಾಭಿಷೇಕವಾದ ರಾಜನಿಗೆ ಮೊಣಕಾಲು ಎದೆಗೆ ಬಡಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಬಾವುಟ ಬಿತ್ತು. ಶ್ರೀದೇವಿ ಪೂರ್ತಿ ಒತ್ತಿದಳು.

ಗಾಡಿ ನಾಲ್ಕು ಮಾರು ನುಗ್ಗಿತು. ಆಮೇಲೆ ಕೆಮ್ಮಿತು. ಫಟ್! ಫಟ್ ಫಟ್! ನನ್ನ ಹಣೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಅವಳು ಕಾಲು ಸಡಿಲ ಬಿಟ್ಟರೆ ಸುಮ್ಮನೆ ಗುನುಗುತ್ತದೆ, ಒತ್ತಿದರೆ ಮತ್ತೆ ಫಟ್ ಫಟ್.

"ಏನಾತು ಇದಕ್ಕ?" ಎಂದು ಅವಳು ಕೂಗಿದಳು.

"ಎಡಕ್ಕ ತಿರಗು," ಎಂದು ನಾನು ನನ್ನ ಕರ್ತವ್ಯ ಮಾಡಿದೆ.

"ಎಡಕ್ಕ ಡ್ರಮ್ ಐತಿ!"

"ಹಂಗಾದ್ರ ಬಲಕ್ಕ!"

ಉಳಿದವರು ಎರಡು ನಿಮಿಷದ ಆಚೀಚೆ ಮುಗಿಸಿದ್ದನ್ನು ನಾವು ನಾಲ್ಕು ನಿಮಿಷ ಹತ್ತು ಸೆಕೆಂಡಿನಲ್ಲಿ ಮುಗಿಸಿದೆವು. ಹತ್ತೊಂಬತ್ತು ಗಾಡಿಗಳಲ್ಲಿ ಹತ್ತೊಂಬತ್ತನೆಯದು. ಮೈಕಿನಲ್ಲಿ ಕೂಗುವವನು, "ಮೇಡಮ್ಮರು ಅಡಿಗಿ ಮನ್ಯಾಗ ಒಗ್ಗರಣಿ ಹಾಕಿದಂಗ ಫಟಫಟ ಅನಿಸಿಕೋತ ಬರಾಕತ್ತಾರ," ಎಂದ. ಬಯಲೆಲ್ಲ ನಕ್ಕಿತು. ಶ್ರೀದೇವಿ ನಗಲಿಲ್ಲ. ಹೆಲ್ಮೆಟ್ಟು ತೆಗೆದಾಗ ಅವಳ ಕಣ್ಣಂಚು ಒದ್ದೆಯಾಗಿತ್ತು. ಬೈದಿದ್ದರೆ ನನಗೆ ಅಭ್ಯಾಸವಿತ್ತು, ಬೈಯಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಗಂಡಸರ ನಡುವೆ ಒಬ್ಬಳೇ ಬಂದು ನಿಂತವಳಿಗೆ ಹೀಗಾಯಿತಲ್ಲ! ಯಾಕಾಯಿತು ಎಂದು ಮಾತ್ರ ತಲೆಬುಡ ತಿಳಿಯಲಿಲ್ಲ.

ಎರಡನೇ ಸುತ್ತಿಗೆ ಮುಕ್ಕಾಲು ತಾಸು ಇತ್ತು. ಅವಳು ಬಾನೆಟ್ಟು ಎತ್ತಿ, ಅರಿವೆ ಹಿಡಿದು, ಸೀಟಿನ ಕೆಳಗಿದ್ದ ಪಾನಾದಿಂದ ಬಿಸಿ ಪ್ಲಗ್ಗೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದಳು.

"ರೀ, ಇದು ಸಣ್ಣ ಸಂದೇನ್ರೀ? ಇದರಾಗ ನಮ್ಮ ಎಮ್ಮಿ ಕರಾ ಸಮೇತ ಹಾದು ಹೋಗ್ತೈತಿ!"

"ಛೇ, ಅದು ಹನ್ನೊಂದು. ಅಂಗಡ್ಯಾಗಿದ್ದ ಎಲ್ಲಾಕ್ಕಿಂತ ದೊಡ್ಡ ನಂಬರ್."

"ಎಲ್ಲಾಕ್ಕಿಂತ ದೊಡ್ಡದು ಯಾಕ ತಂದ್ರಿ?"

"ಎಲ್ಲಾಕ್ಕಿಂತ ಸಣ್ಣದು ಬೇಕಿತ್ತಲ್ಲ?"

ಅವಳು ನನ್ನ ಮುಖವನ್ನೇ ನೋಡಿದಳು. ನಾನೂ ಅವಳ ಮುಖವನ್ನೇ ನೋಡಿದೆ. ಆಮೇಲೆ ನಾನು ಫಣಿಯ ನಂಬರಿನ ಶಾಸ್ತ್ರವನ್ನು ಮೊದಲಿನಿಂದ ವಿವರಿಸಿದೆ. ಜಪಾನಿನವರ ಉಲ್ಟಾ ಲೆಕ್ಕವನ್ನೂ ಸೇರಿಸಿದೆ. ಕೇಳುತ್ತ ಕೇಳುತ್ತ ಅವಳು ಕಾರಿಗೆ ಒರಗಿದಳು.

"ಹನ್ನೊಂದು ಅಂದ್ರ ಒಂದು ಮಿಲಿಮೀಟರಿಗಿಂತ ಜಾಸ್ತಿ. ಎಂಟು ಅಂದ್ರ ಒಂದಕ್ಕಿಂತ ಕಡಿಮಿ. ನನಗ ಬೇಕಾದದ್ದು ಆರು. ಇಷ್ಟಗಲ ಸಂದಿನ್ಯಾಗ ಕಿಡಿ ಹೆಂಗ ಹಾರಬೇಕು? ಸಾವಕಾಶ ಹೊಂಟಾಗ ಹಾರ್ತೈತಿ, ಒತ್ತಿದ ಕೂಡ್ಲೆ ಆರಿ ಹೋಗ್ತೈತಿ. ಗೇಜ್ ಹಚ್ಚಿ ನೋಡಬೇಕಿಲ್ಲೇನು?"

"ಮುಟ್ಟಬ್ಯಾಡ ಅಂದಿದ್ದಿ."

"ಅದೊಂದು ಮಾತು ಕೇಳಿದ್ರಿ! ಇರಲಿ, ಡಿಕ್ಕ್ಯಾಗಿನ ಡಬ್ಬಿ ತಗೊಂಡ ಬರ್ರಿ. ಗೇಜ್ ಹಚ್ಚಿ ಬಡದು ಸರಿ ಮಾಡ್ತೇನಿ."

ನಾನು ಅಲ್ಲಾಡಲಿಲ್ಲ. ಡಬ್ಬಿ ಬನಹಟ್ಟಿಯ ಶೆಡ್ಡಿನ ಮೂಲೆಯಲ್ಲಿದೆ ಎಂಬುದನ್ನು ಯಾವ ಮಾತಿನಲ್ಲಿ ಹೇಳಲಿ? ಕೊನೆಗೆ ಹೇಳಿದೆ. ಗಾಡಿ ಹಗುರ ಮಾಡುವ ನನ್ನ ಉದ್ದೇಶವನ್ನೂ ಹೇಳಿದೆ. ಅವಳು ಎರಡೂ ಕೈಯಿಂದ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

ಅಷ್ಟರಲ್ಲಿ ಅವ್ವ ಎದ್ದು ಬಂದಳು. ಶೇಂಗಾ ಚಟ್ನಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಪ್ಲಗ್ಗು ಇಸಿದುಕೊಂಡಳು. ಅವ್ವ ಐವತ್ತು ವರ್ಷ ಕೈಮಗ್ಗದ ಫಣಿಯಲ್ಲಿ ಎಳೆ ತುಂಬಿದವಳು. ಮೂರು ಸಾವಿರ ಸಂದಿನಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಸರಿದಿದ್ದರೂ ಉಗುರು ಆಡಿಸಿ ಹೇಳುವವಳು. ಪ್ಲಗ್ಗನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು.

"ಈ ಸಂದಾ? ಎಷ್ಟು ಆಗಬೇಕವಾ ಶ್ರೀದೇವಿ?"

"ಅರ್ಧ ಮಿಲಿಮೀಟರಿಗಿಂತ ಒಂಚೂರು ಹೆಚ್ಚ, ಅತ್ತೀ."

"ಮಿಲಿಮೀಟರ್ ನನಗ ತಿಳಿಯಂಗಿಲ್ಲ. ಯಾವುದರ ದಪ್ಪ ಆಗಬೇಕು, ಅದನ್ನ ತೋರಸು."

ಶ್ರೀದೇವಿ ತಮ್ಮನಿಗೆ ಫೋನು ಹಚ್ಚಿದಳು. "ಎಕ್ಸಾ ಬ್ಲೇಡಿನ ದಪ್ಪ ಅಕ್ಕಾ, ಕಬ್ಬಣ ಕೊಯ್ಯೂದು," ಎಂದ ಸಿದ್ದಾರೂಢ. ಪಕ್ಕದಲ್ಲಿ ನಿಂತಿದ್ದ ಮುಧೋಳದ ಅಭಿನಂದನ ಎಂಬ ಸ್ಪರ್ಧಿ ತನ್ನ ಗಾಡಿಯಿಂದ ಅಂಥದೊಂದು ಗರಗಸದ ಬ್ಲೇಡು ತಂದುಕೊಟ್ಟ. ಅವ್ವ ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಒಮ್ಮೆ ಒತ್ತಿ ನೋಡಿ ವಾಪಸು ಕೊಟ್ಟಳು.

"ಅಜ್ಜೀ, ಇಟ್ಕೊರ್ರಿ, ಸಂದಿನ್ಯಾಗ ತೂರಿಸಿ ನೋಡಬೇಕಲ್ಲ?" ಎಂದ ಅವನು.

"ತಿಳೀತು ತಗೋ ತಮ್ಮಾ."

ಅವ್ವ ಒಂದು ಚಪ್ಪಟೆ ಕಲ್ಲಿನ ಮುಂದೆ ಕೂತಳು. ಕೊಕ್ಕಿಯನ್ನು ಕಲ್ಲಿಗೆ ಟಕ್ ಎಂದು ಮುಟ್ಟಿಸುವುದು, ಬೆಳಕಿಗೆ ಹಿಡಿಯುವುದು, ಇನ್ನೊಮ್ಮೆ ಟಕ್. ನಾಲ್ಕು ಪ್ಲಗ್ಗು ಮುಗಿಸಲು ಹತ್ತು ನಿಮಿಷ ಹಿಡಿಯಲಿಲ್ಲ. ಅಭಿನಂದನ ನಂಬದೆ ತನ್ನ ಬ್ಲೇಡನ್ನು ಒಂದೊಂದರಲ್ಲೂ ತೂರಿಸಿದ. ನಾಲ್ಕರಲ್ಲೂ ಬಿಗಿಯಾಗಿ, ಒಂದೇ ಹದಕ್ಕೆ ಜಾರಿತು. ಅವನು ಅವ್ವನ ಕಾಲಿಗೆ ಬಗ್ಗಿದ.

"ಲೇ ಸುಭಾಷಾ," ಎಂದಳು ಅವ್ವ, "ನಂಬರ್ ನೋಡಿ ಫಣಿ ತಂದಿ, ಕಣ್ಣ ಬಿಟ್ಟು ಸಂದು ನೋಡಲಿಲ್ಲ?"

"ಕಣ್ಣಿನ ಚಾಳೀಸು ಮನ್ಯಾಗ ಬಿಟ್ಟು ಹೋಗಿದ್ದೆ ಬೇ."

"ನನಗ ಚಾಳೀಸೂ ಇಲ್ಲ," ಎಂದು ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

ಎರಡನೇ ಸುತ್ತು ಕರೆದರು. ನಾನು ಹೆಲ್ಮೆಟ್ಟಿಗೆ ಕೈ ಹಾಕಿದೆ. ಶ್ರೀದೇವಿ ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಅತ್ತೆಯ ತಲೆಗೆ, ಸೆರಗಿನ ಮೇಲೇ, ಕೂಡಿಸಿದಳು. ಗಲ್ಲದ ಪಟ್ಟಿ ಬಿಗಿದಳು. ನಾನು ಕಾಗದವನ್ನು ಅವ್ವನ ಕೈಗಿಟ್ಟು ಹಗ್ಗದಾಚೆ ಹೋದೆ.

ಬಾವುಟ ಬಿತ್ತು. ಈ ಸಲ ಕೆಮ್ಮಿಲ್ಲ, ಫಟಫಟವಿಲ್ಲ. ಒಂದೇ ಉಸಿರಿನಲ್ಲಿ ಹರಿದ ದನಿ, ಅದರ ಮೇಲೆ ಅವ್ವನ ಗಂಟಲು. "ಎಡಕ್ಕ! ಎಡಕ್ಕ ಹೊಳ್ಳಸು! ಡ್ರಮ್ಮಿನ ಬಾಜೂಕ ತಗೊ! ಈಗ ಬಿಡು ಜೋರs!" ಅವ್ವನಿಗೆ ಓದಲು ಬರುವುದಿಲ್ಲ. ಕಾಗದ ಅವಳ ಮಡಿಲಲ್ಲೇ ಇತ್ತು. ಬೆಳಗಿನಿಂದ ಹದಿನೆಂಟು ಗಾಡಿ ಓಡಿದ್ದನ್ನು ಕೂತು ನೋಡಿದ್ದಳಲ್ಲ, ದಾರಿ ಪೂರ್ತಿ ಬಾಯಿಪಾಠವಾಗಿತ್ತು. ನಾನು ಹಗ್ಗದಾಚೆ ನಿಂತು ಶಿಳ್ಳೆ ಹೊಡೆದೆ, ಕುಣಿದೆ, ಪಕ್ಕದಲ್ಲಿದ್ದ ಗುರುತಿಲ್ಲದವರ ಬೆನ್ನಿಗೆ ಗುದ್ದಿದೆ. ಮರೆಮಾಚುವುದೇನು, ಕಣ್ಣಲ್ಲಿ ನೀರು ಬಂತು. ಒಂದು ನಿಮಿಷ ಐವತ್ತೆರಡು ಸೆಕೆಂಡು. ಮೂರನೇ ಸ್ಥಾನ!

ಮೈಕಿನವನು ತಾನಾಗಿಯೇ ಬಂದು ಶ್ರೀದೇವಿಗೆ ಕೈ ಮುಗಿದು ಹೋದ. ಸ್ಪರ್ಧೆ ನಡೆಸುವ ಹೊಳಬಸಪ್ಪನವರು ಕೊಲ್ಲಾಪುರದ ಫಾರ್ಮು ತಂದು ಕಾರಿನ ಬಾನೆಟ್ಟಿನ ಮೇಲೆ ಹರಡಿದರು. ಒಂದೊಂದಾಗಿ ಕೇಳಿ ಬರೆಯತೊಡಗಿದರು. ಓಡಿಸುವವರು, ಶ್ರೀದೇವಿ. ಎಂಜಿನ್ನು ನೋಡಿಕೊಳ್ಳುವವರು, ಸಿದ್ದಾರೂಢ. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ದಾರಿ ಹೇಳವರು?"

"ಗುರುಬಾಯಿ," ಎಂದಳು ಶ್ರೀದೇವಿ.

"ಪ್ಲಗ್, ಟೈರು, ಇತ್ಯಾದಿ ತಯಾರಿಗೆ ಸಹಾಯಕರು?"

"ಅದಕ್ಕೂ ಗುರುಬಾಯಿ."

"ಎರಡು ಕಡೆ ಒಬ್ಬರs ನಡೀತೈತ್ರಿ," ಎಂದು ಬರೆದುಕೊಂಡರು ಹೊಳಬಸಪ್ಪನವರು. ಅವ್ವ ಕೆಳಗೆ ಹೆಬ್ಬೆಟ್ಟು ಒತ್ತಿದಳು. ನಾನು ಬಂದ ಹೆಜ್ಜೆಯನ್ನು ಹಿಂದಕ್ಕೆ ಇಟ್ಟೆ. ತಪ್ಪು ನನ್ನದೇ, ಯಾರನ್ನು ದೂರಲಿ?

"ಮೇಡಮ್ಮರ, ಇನ್ನೊಂದು ಜಾಗಾ ಖಾಲಿ ಉಳದೈತ್ರಿ. ಇದನ್ನ ತುಂಬದಿದ್ರ ಫಾರ್ಮ್ ತಗೊಳ್ಳಂಗಿಲ್ಲ," ಎಂದರು ಅವರು.

ಶ್ರೀದೇವಿ ಕಾಗದ ನೋಡಿದಳು, ನನ್ನ ಸಪ್ಪೆ ಮುಖ ನೋಡಿದಳು. ಅವಳ ಕಣ್ಣು ಮೆತ್ತಗಾಯಿತು. ಅದು ನನಗೆ ಸ್ಪಷ್ಟವಾಗಿ ಕಾಣಿಸಿತು.

"ಅಲ್ಲಿ ಇವರ ಹೆಸರ ಹಾಕ್ರಿ. ಎಷ್ಟಂದ್ರೂ ಗಂಡ ಅದಾರ. ಇವರಿಲ್ದ ಹೆಂಗ?"

ನನ್ನ ಎದೆ ತುಂಬಿ ಬಂತು. ಬಾನೆಟ್ಟಿನ ಹತ್ತಿರ ಹೋಗಿ, ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಓಣಿಯ ಹೆಸರು ಎಲ್ಲ ಗಟ್ಟಿಯಾಗಿ, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿ ಬರೆಸಿದೆ. ಫೋನ್ ನಂಬರು ಕೇಳಿದರು, ಅದನ್ನು ಎರಡು ಸಲ ಹೇಳಿದೆ. ಆಮೇಲೆ ಇದು ಯಾವ ಹುದ್ದೆ ಎಂದು ಬಗ್ಗಿ ಓದಿದೆ.

'ಅಪಘಾತವಾದಲ್ಲಿ ತಿಳಿಸಬೇಕಾದವರು' ಎಂದಿತ್ತು.

"ಭಾಳ ಜವಾಬ್ದಾರಿ ಕೆಲಸ ರೀ," ಎಂದಳು ಶ್ರೀದೇವಿ ಅತ್ತೆಗೆ ಕಾರಿನ ಬಾಗಿಲು ತೆರೆಯುತ್ತ. "ಅವತ್ತ ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಫೋನ್ ಚಾರ್ಜ್ ಮಾಡಿ ಇಟ್ಕೊರ್ರಿ."